‘ಅಮ್ಮಾ, ಇವತ್ತು ಪ್ರಾಕ್ಟೀಸ್‌ಗೆ ಹೋಗಲ್ಲ...’

ಜೂನ್‌ನಲ್ಲಿ ಕರೆಯುವ ಮೊದಲೇ ಎದ್ದು ಮೈದಾನಕ್ಕೆ ಓಡುತ್ತಿದ್ದ ಮಗು ನವೆಂಬರ್ ಬಂದಾಗ ಹೊದಿಕೆ ಎಳೆದುಕೊಂಡು ಮಲಗುತ್ತದೆ. ಬೈಯಬೇಕೇ? ಬಿಡಬೇಕೇ? ಅಮ್ಮಂದಿರೇ, ಸ್ವಲ್ಪ ತಾಳಿ.

ಬೆಳಗಿನ ಐದೂವರೆ. ಮಾಚೇನಹಳ್ಳಿಯಲ್ಲಿ ಇನ್ನೂ ಮಂಜು ಕರಗಿಲ್ಲ. ಬಿ.ಎಚ್. ರಸ್ತೆಯಲ್ಲಿ ಡೇರಿಯ ಹಾಲಿನ ಗಾಡಿಗಳು, ಕೈಗಾರಿಕಾ ಪ್ರದೇಶಕ್ಕೆ ಮೊದಲ ಪಾಳಿಗೆ ಹೊರಟವರ ಬೈಕುಗಳು. ನನ್ನ ಗೆಳತಿಯ ಮನೆಯಲ್ಲಿ ಮಾತ್ರ ಬೇರೆಯೇ ರಾಮಾಯಣ.

‘ಏಳೇ, ಬಸ್ಸು ತಪ್ಪತ್ತೆ. ಮೇಷ್ಟ್ರು ಕಾಯ್ತಿರ್ತಾರೆ.’

‘ಅಮ್ಮಾ, ಇವತ್ತು ಹೋಗಲ್ಲ. ಹೊಟ್ಟೆ ನೋವು.’

‘ನಿನ್ನೆ ಕಾಲು ನೋವು, ಮೊನ್ನೆ ತಲೆ ನೋವು, ಇವತ್ತು ಹೊಟ್ಟೆನಾ? ಎರಡು ಸಾವಿರದ ಶೂ ಕೊಡಿಸಿದ್ದು ಯಾತಕ್ಕೆ?’

ಮಗಳು ಒಂಬತ್ತನೇ ತರಗತಿ, ಶಾಲೆಯ ಖೋ-ಖೋ ತಂಡದ ಒಳ್ಳೆಯ ಓಟಗಾತಿ. ತಾಲ್ಲೂಕು ಗೆದ್ದಾಯ್ತು, ಜಿಲ್ಲೆಯನ್ನೂ ಗೆದ್ದಾಯ್ತು. ಇನ್ನು ವಿಭಾಗ ಮಟ್ಟಕ್ಕೆ ಎರಡೇ ವಾರ. ಇಂಥ ಹೊತ್ತಿನಲ್ಲೇ ಹುಡುಗಿ ಮುಖ ತಿರುಗಿಸಿದ್ದಾಳೆ. ಗೆಳತಿ ನನಗೆ ಫೋನ್ ಮಾಡಿ, ‘ಇವಳಿಗೆ ಸೊಕ್ಕು ಬಂದಿದೆ ಕಣೆ’ ಎಂದಳು.

ನಿಮ್ಮ ಮನೆಯಲ್ಲೂ ಹೀಗೆ ಆಗಿದೆಯೇ? ಆಟ ಖೋ-ಖೋ ಆಗಬೇಕೆಂದೇನಿಲ್ಲ. ಕಬಡ್ಡಿ, ಥ್ರೋಬಾಲ್, ಕ್ರಿಕೆಟ್, ಈಜು ಯಾವುದಾದರೂ ಇರಬಹುದು. ಶುರುವಿನಲ್ಲಿ ಹಾರಾಡುತ್ತಿದ್ದ ಮಗು ಕೊನೆಯಲ್ಲಿ ಬಾಡಿದ ಬಾಳೆಎಲೆಯಂತೆ ಆಗುವುದು ತೀರಾ ಸಾಮಾನ್ಯ. ಇದು ಸೊಕ್ಕೂ ಅಲ್ಲ, ಸೋಮಾರಿತನವೂ ಅಲ್ಲ. ಹೆಚ್ಚಿನ ಸಲ ಮಗು ಬಾಯಿಬಿಟ್ಟು ಹೇಳಲಾಗದ್ದನ್ನು ‘ಹೋಗಲ್ಲ’ ಎಂಬ ಒಂದೇ ಮಾತಿನಲ್ಲಿ ಹೇಳುತ್ತಿರುತ್ತದೆ. ಆ ‘ಹೋಗಲ್ಲ’ದ ಹಿಂದೆ ಏನಿದೆ ಎಂದು ತಿಳಿಯುವುದೇ ಅಮ್ಮನ ಮೊದಲ ಕೆಲಸ.

ಕೊನೆಯಲ್ಲೇ ಏಕೆ?

ನಮ್ಮ ಶಾಲಾ ಕ್ರೀಡಾಕೂಟಗಳ ಏಣಿಯನ್ನೇ ನೋಡಿ. ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ, ಆಮೇಲೆ ರಾಷ್ಟ್ರಮಟ್ಟ. ಶಾಲೆ ಶುರುವಾದ ಒಂದೆರಡು ತಿಂಗಳಿಗೆ ಮೊದಲ ಮೆಟ್ಟಿಲು, ವರ್ಷ ಮುಗಿಯುವ ಹೊತ್ತಿಗೆ ಮೇಲಿನ ಮೆಟ್ಟಿಲುಗಳು. ಗೆದ್ದ ಮಗುವಿಗೆ ವಿಶ್ರಾಂತಿ ಇಲ್ಲ, ಮುಂದಿನ ಮೆಟ್ಟಿಲಿಗೆ ಪ್ರಾಕ್ಟೀಸು. ನಡುವೆ ಅರ್ಧವಾರ್ಷಿಕ ಪರೀಕ್ಷೆ, ಟ್ಯೂಷನ್, ಪ್ರಾಜೆಕ್ಟು, ದಸರಾ, ದೀಪಾವಳಿ. ದಸರಾ ರಜೆಯಲ್ಲಿ ಓರಗೆಯ ಮಕ್ಕಳೆಲ್ಲ ಅಜ್ಜಿ ಮನೆಯಲ್ಲಿ ಕಡುಬು ತಿನ್ನುತ್ತಿದ್ದರೆ ಇವರು ಮೈದಾನದಲ್ಲಿ ಮಣ್ಣು ಕುಡಿಯುತ್ತಿರುತ್ತಾರೆ.

ಜೊತೆಗೆ ಮನೆಯವರ ಆಸೆಯೂ ಮೆಟ್ಟಿಲು ಏರುತ್ತದೆ. ತಾಲ್ಲೂಕು ಮಟ್ಟದಲ್ಲಿ ‘ಆಡಿ ಬಾ ಮಗಳೇ’ ಎಂದವರು ವಿಭಾಗ ಮಟ್ಟಕ್ಕೆ ಬಂದಾಗ ‘ಗೆದ್ದು ಬಾ’ ಎನ್ನುತ್ತೇವೆ. ಸೀಟಿಗೆ ಕ್ರೀಡಾ ಕೋಟಾ ಸಿಗುತ್ತದೆಯೇ ಎಂದು ಅಪ್ಪ ವಿಚಾರಿಸತೊಡಗುತ್ತಾರೆ. ಆಟ ಅಲ್ಲಿಗೆ ಆಟವಾಗಿ ಉಳಿಯಲಿಲ್ಲ, ಮಗುವಿನ ಪಾಲಿಗೆ ಅದೂ ಒಂದು ಪರೀಕ್ಷೆಯಾಯಿತು, ಹೌದಲ್ಲವೇ?

ಯಾವ ‘ಹೋಗಲ್ಲ’ ಇದು?

ಮಕ್ಕಳ ಈ ಬೇಸರದಲ್ಲಿ ಮುಖ್ಯವಾಗಿ ನಾಲ್ಕು ಬಗೆ. ಮದ್ದು ನಾಲ್ಕಕ್ಕೂ ಬೇರೆ ಬೇರೆ.

ಮೊದಲನೆಯದು ಮೈ ದಣಿವು. ಮಗು ಎಷ್ಟು ಮಲಗಿದರೂ ಸುಸ್ತು ಎನ್ನುತ್ತದೆ. ಪದೇ ಪದೇ ನೆಗಡಿ, ಊಟ ಸೇರದು, ಸಣ್ಣದಕ್ಕೂ ಸಿಡುಕು.

ಎರಡನೆಯದು ಏಕತಾನ. ಆರು ತಿಂಗಳಿನಿಂದ ಅದೇ ಓಟ, ಅದೇ ಡೈವ್. ಮೈದಾನಕ್ಕೆ ಹೋಗಲು ಗೋಳಾಡುವ ಮಗು ಸಂಜೆ ಬೀದಿಯಲ್ಲಿ ಗೆಳತಿಯರ ಜೊತೆ ಕುಣಿದಾಡುತ್ತಿದ್ದರೆ ದಣಿದಿರುವುದು ಮೈಯಲ್ಲ, ಮನಸ್ಸು.

ಮೂರನೆಯದು ಸೋಲಿನ ಭಯ. ಪಂದ್ಯ ಹತ್ತಿರ ಬಂದಂತೆ ಹೊಟ್ಟೆ ನೋವು, ತಲೆ ನೋವು. ‘ನನ್ನಿಂದ ತಂಡ ಸೋತರೆ?’ ಎಂಬ ಕೊರೆತ. ನೋವು ನಾಟಕ ಅಲ್ಲ. ಭಯಕ್ಕೆ ಹೊಟ್ಟೆ ನಿಜವಾಗಿಯೂ ನೋಯುತ್ತದೆ.

ನಾಲ್ಕನೆಯದು ಅವಮಾನ. ಜೊತೆಯವರು ಆಡಿಕೊಂಡಿರಬಹುದು, ತಂಡದಲ್ಲಿದ್ದೂ ಆಡಲು ಸಿಗದೇ ಇರಬಹುದು, ಹಿರಿಯರು ಎಲ್ಲರೆದುರು ಬೈದಿರಬಹುದು. ಇದನ್ನು ಮಕ್ಕಳು ಸುಲಭಕ್ಕೆ ಹೇಳುವುದಿಲ್ಲ.

ಜಡೆ ಹಾಕುವಾಗ ಕೇಳಿ

ಹಾಗಾದರೆ ತಿಳಿಯುವುದು ಹೇಗೆ? ಬೆಳಗಿನ ಐದೂವರೆಗೆ ಬಾಗಿಲಲ್ಲಿ ನಿಂತು ‘ಏನಾಯ್ತೇ ನಿನಗೆ?’ ಎಂದು ಕೇಳಿದರೆ ಉತ್ತರ ಬರುವುದಿಲ್ಲ, ಜಗಳ ಬರುತ್ತದೆ. ಎದುರು ಕೂರಿಸಿಕೊಂಡು ಪೊಲೀಸರ ಹಾಗೆ ವಿಚಾರಿಸಿದರೂ ಅಷ್ಟೇ. ಮಕ್ಕಳು ಬಾಯಿ ಬಿಡುವುದು ಕೈಗೆ ಬೇರೆ ಕೆಲಸ ಇದ್ದಾಗ, ಮುಖಕ್ಕೆ ಮುಖ ಕೊಟ್ಟು ಮಾತಾಡಬೇಕಿಲ್ಲದಾಗ. ರಾತ್ರಿ ಎಣ್ಣೆ ಹಚ್ಚುವಾಗ, ಜಡೆ ಹಾಕುವಾಗ, ಅವರೆಕಾಯಿ ಸುಲಿಯುವಾಗ ಕೇಳಿ ನೋಡಿ. ಗಂಡು ಹುಡುಗನಾದರೆ ಸ್ಕೂಟರಿನ ಹಿಂದೆ ಕೂತಿರುವಾಗ.

‘ಯಾಕೆ ಹೋಗಲ್ಲ?’ ಅನ್ನೋದು ಬೇಡ. ಅದರಲ್ಲಿ ಆರೋಪದ ದನಿ ಇದೆ. ‘ಈಗೀಗ ಆಟದಲ್ಲಿ ಯಾವುದು ಖುಷಿ, ಯಾವುದು ಬೇಜಾರು?’ ಎಂದು ಕೇಳಿ. ಕೇಳಿ ಸುಮ್ಮನಾಗಿ. ನಡುವೆ ಬುದ್ಧಿ ಹೇಳಬೇಡಿ. ‘ನಮ್ಮ ಕಾಲದಲ್ಲಿ...’ ಎಂದು ಶುರು ಮಾಡಿದಿರೋ, ಮಾತು ಅಲ್ಲಿಗೆ ಮುಗಿಯಿತು!

ನನ್ನ ಗೆಳತಿ ಹೀಗೆ ಕೇಳಿದ್ದು ಒಂದು ಭಾನುವಾರ, ತಲೆಗೆ ಎಣ್ಣೆ ಹಚ್ಚುತ್ತಾ. ಬಹಳ ಹೊತ್ತಿನ ಮೇಲೆ ಮಗಳು ಹೇಳಿದಳಂತೆ, ‘ಜಿಲ್ಲಾ ಮಟ್ಟದ ದಿನ ನಂಗೆ ಡೇಟ್ ಆಗಿತ್ತು. ತಿಳಿ ಬಣ್ಣದ ಚಡ್ಡಿ. ಓಡೋಕೆ ಭಯ ಆಗಿ ಬೇಗ ಔಟಾದೆ. ಎಲ್ಲರೂ ಬೇಕಂತಲೇ ಔಟಾದೆ ಅಂದ್ಕೊಂಡ್ರು. ವಿಭಾಗದ ಮ್ಯಾಚಿಗೂ ಅದೇ ಟೈಮ್ ಬರತ್ತೆ.’ ಎರಡು ಸಾವಿರದ ಶೂ ನೆನಪಿಸಿದ ಅಮ್ಮನಿಗೆ ಆ ಕ್ಷಣ ಹೇಗಾಗಿರಬೇಡ!

ಮೈಗೆ ಬೇಕಾದದ್ದು

ಮೈ ದಣಿದಿದ್ದರೆ ಮಾತಿನ ಉಪದೇಶ ಕೆಲಸ ಮಾಡುವುದಿಲ್ಲ. ಮೊದಲು ನಿದ್ದೆ. 13ರಿಂದ 18 ವರ್ಷದ ಮಕ್ಕಳಿಗೆ ದಿನಕ್ಕೆ 8ರಿಂದ 10 ಗಂಟೆ, 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ ನಿದ್ದೆ ಬೇಕು ಎನ್ನುತ್ತಾರೆ ನಿದ್ರಾ ತಜ್ಞರು. ಐದಕ್ಕೆ ಏಳುವ ಮಗು ಒಂಬತ್ತಕ್ಕೆ ಮಲಗಿದರೆ ಮಾತ್ರ ಈ ಲೆಕ್ಕ ಸರಿಹೋಗುತ್ತದೆ. ರಾತ್ರಿ ಹನ್ನೊಂದರ ತನಕ ಹೋಂವರ್ಕು, ಮೊಬೈಲು, ನಮ್ಮದೇ ಸೀರಿಯಲ್ಲಿನ ಗದ್ದಲ ಇದ್ದರೆ ಹೇಗೆ? ಕೊನೆಯ ಎರಡು ವಾರ ಟಿ.ವಿ. ದನಿ ತಗ್ಗಿಸುವುದು ಮನೆಯವರೆಲ್ಲರ ಪಾಲಿನ ತರಬೇತಿ ಎಂದುಕೊಳ್ಳಿ.

ಎರಡನೆಯದು ಬಿಡುವು. ವಾರಕ್ಕೆ ಕನಿಷ್ಠ ಒಂದು ದಿನ ಆಟಕ್ಕೆ ಪೂರ್ತಿ ರಜೆ, ವರ್ಷದಲ್ಲಿ ಎಲ್ಲ ಸೇರಿ ಎರಡು ಮೂರು ತಿಂಗಳು ಆ ಒಂದು ಆಟದಿಂದ ದೂರ ಇರಬೇಕು ಎಂಬುದು ಅಮೆರಿಕದ ಮಕ್ಕಳ ವೈದ್ಯರ ಸಂಘದ ಸಲಹೆ. ‘ಮ್ಯಾಚು ಹತ್ತಿರ ಬಂದಾಗ ರಜೆಯೇ?’ ಎಂದು ಹೌಹಾರಬೇಡಿ. ಪಂದ್ಯದ ಹಿಂದಿನ ದಿನಗಳಲ್ಲಿ ಅಭ್ಯಾಸ ತಗ್ಗಿಸಿ ಮೈಯನ್ನು ಹಗುರ ಮಾಡಿಕೊಳ್ಳುವುದು ದೊಡ್ಡ ಆಟಗಾರರೂ ಪಾಲಿಸುವ ಕ್ರಮ. ಈ ಬಗ್ಗೆ ಪಿ.ಟಿ. ಮೇಷ್ಟ್ರ ಹತ್ತಿರ ನೀವೇ ಹೋಗಿ ವಿನಯವಾಗಿ ಮಾತಾಡಿ. ಮಗುವಿನ ಬಾಯಲ್ಲಿ ಹೇಳಿಸಬೇಡಿ.

ಮೂರನೆಯದು ಊಟ. ಸುಸ್ತಿಗೆ ರಕ್ತಹೀನತೆಯೂ ಕಾರಣ ಇರಬಹುದು, ಹೆಣ್ಣುಮಕ್ಕಳಲ್ಲಂತೂ ಇದು ಹೆಚ್ಚು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ 59ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿತ್ತು. ಒಮ್ಮೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಸೊಪ್ಪಿನ ಸಾರು, ಹುರಳಿಕಾಳು, ಕಡಲೆಕಾಳು, ರಾಗಿ, ತಿನ್ನುವವರಾದರೆ ಮೀನು-ಮಾಂಸ ಇರಲಿ. ಕಾಳು-ಸೊಪ್ಪಿನ ಮೇಲೆ ಲಿಂಬೆರಸ ಹಿಂಡಿದರೆ ಕಬ್ಬಿಣಾಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ಊಟದ ಜೊತೆಗೇ ಕಾಫಿ, ಟೀ ಕುಡಿದರೆ ಹತ್ತುವುದಿಲ್ಲ, ಒಂದು ಗಂಟೆ ಬಿಟ್ಟು ಕೊಡಿ. ಶಾಲೆಯಲ್ಲಿ ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ ಕೊಡುತ್ತಿದ್ದರೆ ಮಗು ನುಂಗುತ್ತಿದೆಯೋ ಬ್ಯಾಗಿನಲ್ಲಿಟ್ಟು ತರುತ್ತಿದೆಯೋ ನೋಡಿ. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಕಳಿಸಬೇಡಿ. ಒಂದು ಬಾಳೆಹಣ್ಣು, ಆಟ ಮುಗಿದ ಕೂಡಲೇ ಶೇಂಗಾ ಚಿಕ್ಕಿಯೋ ಮೊಳಕೆಕಾಳೋ, ಒಂದು ಲೋಟ ಹಾಲೋ ಮಜ್ಜಿಗೆಯೋ ಸಾಕು. ದುಬಾರಿ ಪುಡಿ ಡಬ್ಬಗಳು ಬೇಕಿಲ್ಲ.

ಇನ್ನು ನೋವು. ಬೆಳೆಯುವ ವಯಸ್ಸಿನಲ್ಲಿ ಹಿಮ್ಮಡಿ, ಮಂಡಿಯ ಕೆಳಗಿನ ಮೂಳೆ ನೋಯುವುದು ಓಡುವ ಮಕ್ಕಳಲ್ಲಿ ಹೆಚ್ಚು. ಕುಂಟುತ್ತಿದ್ದರೆ, ರಾತ್ರಿ ನೋವಿಗೆ ಎಚ್ಚರವಾಗುತ್ತಿದ್ದರೆ, ಊತ ಇದ್ದರೆ ಅಥವಾ ಎರಡು ವಾರವಾದರೂ ಹೋಗದಿದ್ದರೆ ಮುಲಾಮು ಹಚ್ಚಿ ಕಳಿಸಬೇಡಿ, ಮೂಳೆ ವೈದ್ಯರಿಗೆ ತೋರಿಸಿ. ಒಂದು ಟ್ರೋಫಿಗಾಗಿ ಮಗುವಿನ ಮಂಡಿಯನ್ನು ಪಣಕ್ಕಿಡುವುದು ಬೇಡ.

ಮುಟ್ಟಿನ ಮಾತನ್ನೂ ಮುಚ್ಚಿಡಬೇಡಿ. ಆ ದಿನಗಳಲ್ಲಿ ಆಡಬಾರದೆಂಬ ನಿಯಮ ವೈದ್ಯಶಾಸ್ತ್ರದಲ್ಲಿಲ್ಲ. ಆಗುವಷ್ಟು ಆಡಲಿ, ತೀರಾ ನೋವಿದ್ದರೆ ಬಿಡಲಿ. ಚಡ್ಡಿಯ ಒಳಗೆ ಹಾಕಿಕೊಳ್ಳಲು ಗಾಢ ಬಣ್ಣದ ಬಿಗಿಯಾದ ಇನ್ನೊಂದು ಚಡ್ಡಿ, ಬ್ಯಾಗಿನಲ್ಲಿ ಎರಡು ಪ್ಯಾಡು, ಒಂದು ಜೊತೆ ಬಟ್ಟೆ, ಹಳೇ ಪೇಪರು ಇರಲಿ. ಮೊದಲು ಪ್ರಾಕ್ಟೀಸಿನಲ್ಲೇ ಹಾಗೆ ಓಡಿ ಅಭ್ಯಾಸವಾಗಲಿ. ಮೊದಲು ಸರಿಯಾಗಿ ಆಗುತ್ತಿದ್ದ ಮುಟ್ಟು ಮೂರು ತಿಂಗಳು ನಿಂತುಹೋದರೆ ‘ಆಟದಿಂದ ಹಾಗೆ’ ಎಂದು ಸುಮ್ಮನಿರಬೇಡಿ. ತಿನ್ನುವುದು ಸಾಲದೆ ಓಟ ಹೆಚ್ಚಾದಾಗ ಹೀಗಾಗುತ್ತದೆ. ವೈದ್ಯರನ್ನು ಕಾಣಿ.

ಮನಸ್ಸಿಗೆ ಬೇಕಾದದ್ದು

‘ಗೆದ್ದರೆ ಸೈಕಲ್ ಕೊಡಿಸ್ತೀನಿ’ ಅನ್ನೋದು ನಮಗೆಲ್ಲ ಸಲೀಸು. ಆದರೆ ಇದು ತಿರುಗುಬಾಣ. 1973ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು ಶಿಶುವಿಹಾರದ ಮಕ್ಕಳ ಮೇಲೆ ಒಂದು ಪ್ರಯೋಗ ಪ್ರಕಟಿಸಿದರು. ಚಿತ್ರ ಬರೆಯುವುದೆಂದರೆ ಇಷ್ಟವಿದ್ದ ಮಕ್ಕಳಲ್ಲಿ ಕೆಲವರಿಗೆ ‘ಬರೆದರೆ ಬಹುಮಾನ’ ಎಂದು ಮೊದಲೇ ಹೇಳಲಾಯಿತು. ಕೆಲವರಿಗೆ ಬರೆದ ಮೇಲೆ ಹೇಳದೇ ಕೇಳದೇ ಕೊಡಲಾಯಿತು. ಇನ್ನು ಕೆಲವರಿಗೆ ಏನೂ ಇಲ್ಲ. ಒಂದೆರಡು ವಾರ ಕಳೆದು ನೋಡಿದರೆ, ಬಹುಮಾನದ ಆಸೆ ತೋರಿಸಿದ ಮಕ್ಕಳು ಚಿತ್ರ ಬರೆಯುತ್ತಿದ್ದದ್ದು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ! ಇಷ್ಟದ ಕೆಲಸ ಅವರ ಪಾಲಿಗೆ ಕೂಲಿ ಕೆಲಸವಾಗಿತ್ತು. ಹಾಗಾಗಿ ಆಮಿಷ ಬೇಡ. ಪಂದ್ಯ ಮುಗಿದ ಮೇಲೆ, ಗೆದ್ದರೂ ಸೋತರೂ, ಮಸಾಲೆ ದೋಸೆ ತಿನ್ನಿಸಿ ಕರೆತನ್ನಿ. ಅದರ ರುಚಿಯೇ ಬೇರೆ.

ಗುರಿಯನ್ನೂ ಚಿಕ್ಕದು ಮಾಡಿ. ‘ರಾಜ್ಯಮಟ್ಟಕ್ಕೆ ಹೋಗಬೇಕು’ ಎಂಬುದು ಮಗುವಿನ ಕೈಯಲ್ಲಿಲ್ಲ, ಎದುರಾಳಿ ತಂಡವೂ ಆಡುತ್ತದಲ್ಲ! ‘ಈ ವಾರ ಎರಡು ನಿಮಿಷ ಔಟಾಗದೇ ಉಳೀತೀನಿ’, ‘ಕಂಬದ ಹತ್ತಿರದ ಡೈವ್ ಸರಿ ಮಾಡ್ಕೋತೀನಿ’ ಎಂಬುದು ಕೈಯಲ್ಲಿದೆ. ಆ ಗುರಿಯನ್ನು ಮಗುವೇ ಆರಿಸಿಕೊಳ್ಳಲಿ. ಕ್ಯಾಲೆಂಡರಿನಲ್ಲಿ ಮಗುವೇ ಗುರುತು ಹಾಕಲಿ. ತಾನೇ ಆರಿಸಿಕೊಂಡದ್ದಕ್ಕೆ ಎದ್ದು ಹೋಗುವ ಕಾಲಿಗೆ ಬೇರೆಯೇ ಚುರುಕು.

ಏಕತಾನ ಕಾಡುತ್ತಿದ್ದರೆ ವಾರದಲ್ಲಿ ಒಂದು ದಿನ ಬೇರೆ ಆಟ ಆಡಲಿ. ತಂಗಿಯ ಜೊತೆ ಕುಂಟೆಬಿಲ್ಲೆಯಾದರೂ ಸರಿ, ಅಪ್ಪನ ಜೊತೆ ಶಟಲ್ ಆದರೂ ಸರಿ. ‘ಖೋ-ಖೋ ಆಡಿ ಏನು ಬಂತು?’ ಎಂದು ಮೂಗು ಮುರಿಯುವ ನೆಂಟರು ಇದ್ದಾರೆಯೇ? 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ-ಖೋ ವಿಶ್ವಕಪ್ ನಡೆದಾಗ ಫೈನಲ್‌ನಲ್ಲಿ ನೇಪಾಳವನ್ನು ಸೋಲಿಸಿದ ಭಾರತದ ಮಹಿಳಾ ತಂಡದಲ್ಲಿ ತಿ. ನರಸೀಪುರ ತಾಲ್ಲೂಕು ಕುರುಬೂರಿನ ಚೈತ್ರಾ ಇದ್ದರು. ಹಳ್ಳಿಯ ಶಾಲೆಯ ಮಣ್ಣಿನಲ್ಲಿ ಆಡುವ ಆಟವೇ ಅದು ಎಂದು ಹೇಳಿ. ಆದರೆ ‘ನೀನೂ ಹಾಗಾಗಬೇಕು’ ಎಂದು ಸೇರಿಸಬೇಡಿ. ಸೇರಿಸಿದರೆ ಮತ್ತೆ ಭಾರ.

ಸೊನ್ನೆಯ ನಂತರ

ಸೋಲಿಗೆ ಹೆದರುವ ಮಗುವಿಗೆ ಹೇಳಲು ನಮ್ಮ ಭದ್ರಾವತಿಯ ಕತೆಯೇ ಇದೆ. 1949ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥ್ ಮೊದಲ ಟೆಸ್ಟ್ ಆಡಿದ್ದು 1969ರ ನವೆಂಬರಿನಲ್ಲಿ ಕಾನ್ಪುರದಲ್ಲಿ, ಆಸ್ಟ್ರೇಲಿಯಾ ವಿರುದ್ಧ. ಇಪ್ಪತ್ತು ವರ್ಷದ ಹುಡುಗ. ಮೊದಲ ಇನಿಂಗ್ಸ್‌ನಲ್ಲಿ ಹೊಡೆದದ್ದು ಎಷ್ಟು ಗೊತ್ತೇ? ಸೊನ್ನೆ. ಆಗ ನಾಯಕ ಪಟೌಡಿ ಬೈಯಲಿಲ್ಲ, ಯೋಚನೆ ಮಾಡಬೇಡ ಎಂದು ಧೈರ್ಯ ತುಂಬಿದ್ದನ್ನು ವಿಶ್ವನಾಥ್ ಮುಂದೆ ನೆನೆದಿದ್ದಾರೆ. ಎರಡನೇ ಇನಿಂಗ್ಸ್‌ನಲ್ಲಿ ಅದೇ ಹುಡುಗ 137 ರನ್ ಹೊಡೆದ.

ಈ ಕತೆಯಲ್ಲಿ ಅಮ್ಮಂದಿರು ಗಮನಿಸಬೇಕಾದದ್ದು 137 ಅಲ್ಲ. ಸೊನ್ನೆಗೂ ನೂರಕ್ಕೂ ನಡುವೆ ಯಾರೋ ಒಬ್ಬರು ಆಡಿದ ಒಳ್ಳೆಯ ಮಾತು. ಸೋತು ಬಂದ ದಿನ ಸ್ಕೂಟರ್ ಮೇಲೆಯೇ ‘ನೀನು ಆ ಕಡೆ ಓಡಬೇಕಿತ್ತು’ ಎಂದು ಪಾಠ ಶುರು ಮಾಡುವುದು ಗಾಯದ ಮೇಲೆ ಬರೆ. ತಪ್ಪು ತಿದ್ದಲು ಮೇಷ್ಟ್ರಿದ್ದಾರೆ. ಮನೆಯಲ್ಲಿ ಎರಡನೇ ಕೋಚ್ ಬೇಡ, ಅಮ್ಮ ಬೇಕು. ‘ನೀನು ಆಡೋದು ನೋಡೋಕೆ ನಂಗೆ ಖುಷಿ’ ಎಂದು ಹೇಳಿ, ಬಿಸಿನೀರು ಕಾಯಿಸಿಡಿ. ಅಷ್ಟು ಸಾಕು.

ಬೆಂಚಿನ ಮೇಲೆ ಕೂತ ಮಗು

ಖೋ-ಖೋ ತಂಡದಲ್ಲಿ ಹನ್ನೆರಡು ಮಕ್ಕಳಿದ್ದರೆ ಅಂಕಣಕ್ಕೆ ಇಳಿಯುವುದು ಒಂಬತ್ತೇ. ಉಳಿದ ಮೂವರು ಇಡೀ ವರ್ಷ ಅಷ್ಟೇ ಬೆವರು ಸುರಿಸಿ, ಪಂದ್ಯದ ದಿನ ನೀರಿನ ಬಾಟಲಿ ಹಿಡಿದು ಕೂರುತ್ತಾರೆ. ಕೊನೆಯಲ್ಲಿ ಮೊದಲು ಸೊರಗುವುದು ಇವರೇ. ‘ಮುಂದಿನ ಸಲ ಸಿಗತ್ತೆ ಬಿಡು’ ಎಂದು ತೇಲಿಸಬೇಡಿ. ‘ಬೇಜಾರಾಗೋದು ಸಹಜ’ ಎಂದು ಮೊದಲು ಒಪ್ಪಿಕೊಳ್ಳಿ. ತಾನು ಯಾವುದರಲ್ಲಿ ಸುಧಾರಿಸಬೇಕು ಎಂದು ಮೇಷ್ಟ್ರನ್ನು ಮಗುವೇ ಕೇಳಲಿ. ಜಗಳ ಕಾಯಲು ನೀವು ಹೋಗಬೇಡಿ.

ಬಿಡ್ತೀನಿ ಎಂದರೆ?

ಇಷ್ಟಾದರೂ ಮಗು ‘ಆಟವೇ ಬೇಡ’ ಎಂದರೆ? ಬೇಸರದ ದಿನ ತೀರ್ಮಾನ ಬೇಡ. ಎರಡು ಮೂರು ದಿನ ಪೂರ್ತಿ ಬಿಡುವು ಕೊಟ್ಟು ಮತ್ತೆ ಕೇಳಿ. ತಂಡದವರು ನಂಬಿಕೊಂಡಿದ್ದಾರೆ, ಈ ಪಂದ್ಯದ ತನಕ ಆಡು, ಆಮೇಲೆ ಬಿಡುವುದೋ ಮುಂದುವರಿಯುವುದೋ ನಿನ್ನಿಷ್ಟ ಎಂದು ಒಪ್ಪಂದ ಮಾಡಿಕೊಳ್ಳಿ. ಆ ಮಾತನ್ನು ನೀವೂ ಉಳಿಸಿಕೊಳ್ಳಬೇಕು.

ಈ ಒಪ್ಪಂದ ಎರಡು ಸಂದರ್ಭಕ್ಕೆ ಅನ್ವಯಿಸುವುದಿಲ್ಲ. ಒಂದು, ಪೆಟ್ಟು, ಕಾಯಿಲೆ ಇದ್ದಾಗ. ಇನ್ನೊಂದು, ಮಗು ಆಟಕ್ಕಲ್ಲ, ಯಾರೋ ಒಬ್ಬ ವ್ಯಕ್ತಿಗೆ ಹೆದರುತ್ತಿದೆ ಎನ್ನಿಸಿದಾಗ. ಹೊಡೆತ, ಕೆಟ್ಟ ಮಾತು, ಮೈ ಮುಟ್ಟುವುದು, ಒಂಟಿಯಾಗಿ ಕರೆಯುವುದು ಇಂಥದ್ದೇನಾದರೂ ಇದ್ದರೆ ಅಂದೇ ನಿಲ್ಲಿಸಿ. ಮಗುವಿನ ಮಾತು ನಂಬಿ. ಶಾಲೆಯ ಮುಖ್ಯಸ್ಥರಿಗೆ ತಿಳಿಸಿ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಇಲ್ಲಿ ಮರ್ಯಾದೆಯ ಯೋಚನೆ ಬೇಡವೇ ಬೇಡ.

ಅಮ್ಮಂದಿರಿಗೆ ಕಿವಿಮಾತು

* ಪಂದ್ಯಕ್ಕೆ ಮುಂಚಿನ ಎರಡು ವಾರ ಮನೆಯಲ್ಲಿ ಹೊಸ ಟ್ಯೂಷನ್, ದೂರದ ಮದುವೆ ಓಡಾಟ ಇಟ್ಟುಕೊಳ್ಳಬೇಡಿ.
* ಪಕ್ಕದ ಮನೆ ಮಗುವಿನ ಜೊತೆ ಹೋಲಿಕೆ ಬೇಡ. ಕಳೆದ ತಿಂಗಳಿನ ನಿಮ್ಮ ಮಗುವಿನ ಜೊತೆಗೇ ಹೋಲಿಸಿ.
* ‘ನೀನು ಹುಟ್ಟು ಆಟಗಾರ್ತಿ’ ಎಂದು ಹೊಗಳುವ ಬದಲು ‘ಬಿದ್ದರೂ ಎದ್ದು ಓಡಿದೆಯಲ್ಲ’ ಎಂದು ಶ್ರಮವನ್ನು ಹೊಗಳಿ.
* ಖರ್ಚಿನ ಲೆಕ್ಕ ಮಗುವಿನ ಮುಂದೆ ಬಿಚ್ಚಬೇಡಿ.
* ಪಂದ್ಯದ ಹಿಂದಿನ ರಾತ್ರಿ ಹೊಸ ತಿಂಡಿ, ಹೋಟೆಲ್ ಊಟ ಬೇಡ. ಅಭ್ಯಾಸವಿರುವ ಅನ್ನ-ಸಾರೇ ಇರಲಿ.
* ಋತು ಮುಗಿದ ಮೇಲೆ ಕೆಲವು ವಾರ ಆಟದ ಹೆಸರೆತ್ತಬೇಡಿ. ಆಸೆ ತಾನಾಗಿ ಮರಳಲಿ.

ಗೆಳತಿಯ ಮಗಳು ಏನಾದಳು ಅಂದಿರಾ? ಮೂರು ದಿನ ಮನೆಯಲ್ಲಿದ್ದಳು. ಗೆಳತಿ ಮೇಷ್ಟ್ರನ್ನು ಕಂಡು ತಂಡದ ಎಲ್ಲ ಹುಡುಗಿಯರಿಗೂ ಕಪ್ಪು ಚಡ್ಡಿ ಆಗಬಹುದೇ ಎಂದು ಕೇಳಿದಳು. ಅವರು ‘ಅಯ್ಯೋ ಅಮ್ಮಾ, ಇದನ್ನ ಮೊದಲೇ ಹೇಳಬಾರದಿತ್ತೇ’ ಎಂದರಂತೆ. ನಾಲ್ಕನೇ ದಿನ ಹುಡುಗಿ ತಾನೇ ಅಲಾರಾಂ ಇಟ್ಟುಕೊಂಡಳು. ವಿಭಾಗ ಮಟ್ಟದಲ್ಲಿ ತಂಡ ಎರಡನೇ ಪಂದ್ಯಕ್ಕೇ ಸೋತಿತು. ರಾಜ್ಯ ಮಟ್ಟ ತಪ್ಪಿತು. ಸಂಜೆ ಮನೆಗೆ ಬಂದವಳು ಮಣ್ಣಾದ ಮಂಡಿ ತೋರಿಸುತ್ತಾ ಹೇಳಿದ್ದು ಒಂದೇ ಮಾತು: ‘ಅಮ್ಮಾ, ಇವತ್ತು ನಾನು ಹೆದರಿಕೊಂಡು ಔಟಾಗಲಿಲ್ಲ.’

ಗೆಳತಿ ಆ ದಿನ ಶೂ ವಿಷಯ ಎತ್ತಲಿಲ್ಲ. ಅದರ ಮಣ್ಣು ತೊಳೆದು, ಮುಂದಿನ ಜೂನ್‌ಗೆ ಇರಲಿ ಎಂದು ಅಟ್ಟದ ಮೇಲಿಟ್ಟಳು.